ಕಚ್ಚಿ ಕುಡಿದ ನೀರು

ಮನೋರಮ್ಮನ ಕೈಯಲ್ಲಿದ್ದ ಚೊಂಬು ತಾನಾಗಿಯೇ ಮೇಲೇರಿ ಬಾಗಿತು. ಜಗಲಿಯ ಕೆಳಗೆ ಬಿಸಿಲಲ್ಲಿ ನಿಂತು ನೀರು ಕೇಳಿದ್ದ ಚಿಕ್ಕಮಾರಮ್ಮ ಬೊಗಸೆ ಒಡ್ಡಲಿಲ್ಲ. ನೀರು ಮಣ್ಣಿಗೆ ಬಿತ್ತು.

"ಭಾನುವಾರ ಬತ್ತೀವಿ ಅಂತ ಹೇಳೋಕೆ ಬಂದಿದ್ದೆ ಕಣ್ರವ್ವಾ," ಎಂದಳು ಚಿಕ್ಕಮಾರಮ್ಮ. "ಬುಡಿ ಅತ್ಲಾಗೆ." ತಿರುಗಿ ಹೊರಟೇಬಿಟ್ಟಳು.

ಗುಬ್ಬಿಯಿಂದ ಒಂದು ಹರಿದಾರಿ ದೂರದ ಆ ಊರಿನ ಸಣ್ಣ ಚರ್ಚಿನಲ್ಲಿ ಮುಂದಿನ ಬೆಂಚು ಮನೋರಮ್ಮನ ಮನೆಯವರದು. ತಾತ ಚನ್ನವೀರಯ್ಯ ಕೊರಳಿನ ಲಿಂಗ ತೆಗೆದಿಟ್ಟು ಕ್ರೈಸ್ತನಾದ ಕಾಲದಿಂದಲೂ. ಕೇರಿಯಿಂದ ಬಂದ ಕ್ರೈಸ್ತರಿಗೆ ಹಿಂದೆ ಚಾಪೆ. ಪ್ರಭುಭೋಜನದ ದ್ರಾಕ್ಷಾರಸದ ಬಟ್ಟಲು ಬೆಂಚಿನವರ ತುಟಿ ದಾಟಿದ ಮೇಲೆಯೇ ಚಾಪೆಗೆ ಹೋಗುತ್ತಿತ್ತು. ಹಾಗೆಂದು ಯಾರೂ ವಿಧಿಸಿರಲಿಲ್ಲ, ಯಾರೂ ತಪ್ಪಿಸಿರಲೂ ಇಲ್ಲ. ಈಸ್ಟರಿನ ದಿನ ಚಿಕ್ಕಮಾರಮ್ಮನ ಬಸುರಿ ಸೊಸೆ ಬಟ್ಟಲಿಗಾಗಿ ಹಿಂದೆ ಕಾಯಲಾರದೆ ಮುಂದೆ ಬಂದು ಮಂಡಿಯೂರಿದಾಗ, ಪಕ್ಕದಲ್ಲಿದ್ದ ಬೆಂಚಿನ ಹೆಂಗಸೊಬ್ಬಳು ಸೆರಗು ಸರಿಸಿಕೊಂಡು ಎದ್ದುಹೋದಳು. ಅಂದಿನಿಂದ ಕೇರಿಯವರು ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ.

ಕುಣಿಗಲ್ ಕಡೆಯಿಂದ ಹೊಸದಾಗಿ ಬಂದ ಪಾದ್ರಿ ಅಯ್ಯನವರು, "ಈ ಭಾನುವಾರ ಬೆಂಚೂ ಇಲ್ಲ, ಚಾಪೆನೂ ಇಲ್ಲ, ಎಲ್ಲಾ ಒಂದೇ ಸಾಲು. ಅವರನ್ನ ಕರಕೊಂಡು ಬರೋದು ನಿಮ್ಮ ಕೆಲಸ ಅಮ್ಮಾ," ಎಂದು ಮನೋರಮ್ಮನಿಗೇ ಒಪ್ಪಿಸಿದ್ದರು. ಅವಳಿಗೆ ಹೆಮ್ಮೆಯಾಗಿತ್ತು; ಕೇರಿಗೆ ಹೇಳಿಯೂ ಕಳಿಸಿದ್ದಳು. ಹೆಂಗಸರ ಸಂಘದಲ್ಲಿ ಸಮಾಧಾನದ ಬಗ್ಗೆ ಅವಳು ಮಾತಾಡಿದರೆ ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಈಗ ಖಾಲಿ ಚೊಂಬು ಹಿಡಿದು ನಿಂತವಳಿಗೆ ತನ್ನ ಕೈಯನ್ನೇ ನೋಡಲಾಗಲಿಲ್ಲ. ಅಜ್ಜಿ ಹೀಗೇ ನೀರು ಹೊಯ್ಯುತ್ತಿದ್ದಳು, ಅಮ್ಮನೂ ಹೀಗೇ. ದೇವರು ಬದಲಾದ, ಹೆಸರು ಬದಲಾಯಿತು, ಹಬ್ಬಗಳು ಬದಲಾದವು. ಮೊಣಕೈ ಮಾತ್ರ ಹಳೆಯ ಮನೆಯಲ್ಲೇ ಉಳಿದಿತ್ತು.

ಬಿಸಿಲು ಇಳಿಯುವ ಮೊದಲೇ ಅವಳು ಕೇರಿಗೆ ಹೋದಳು. ಚಿಕ್ಕಮಾರಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಮಾರ್ತಮ್ಮಾ..."

"ಅಯ್ಯೋ ಸಿವನೆ! ಇವತ್ತು ನೆಪ್ಪಾಯ್ತಾ ಆ ಹೆಸರು? ಚರ್ಚಲ್ಲಿ ದೀಕ್ಷೆ ಆಗಿ ಹನ್ನೆಲ್ಡು ವರ್ಸ, ನಿಮ್ಮ ಬಾಯಲ್ಲಿ ಚಿಕ್ಕಮಾರಿನೇ ಆಗಿದ್ನಲ್ಲ."

ಒಳಗೆ ಸೊಸೆ ಕಿಸಕ್ಕೆಂದು ನಕ್ಕಳು. ಮನೋರಮ್ಮನ ಕಿವಿ ಬಿಸಿಯಾಯಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲೇ ಬಿಟ್ಟಳು.

"ನನಗೊಂದಿಷ್ಟು ನೀರು ಕೊಡ್ತೀಯಾ?"

ಚಿಕ್ಕಮಾರಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಎದ್ದುಹೋಗಿ ಹಿತ್ತಾಳೆ ಲೋಟದ ತುಂಬ ನೀರು ತಂದು ಕೈಗೇ ಕೊಟ್ಟಳು.

ಮನೋರಮ್ಮ ಕತ್ತು ಹಿಂದಕ್ಕೆ ಬಾಗಿಸಿದಳು, ಲೋಟ ಮೇಲೆತ್ತಿದಳು. ತುಟಿಗೂ ಲೋಟಕ್ಕೂ ಗೇಣಂತರ. ನೀರು ಇನ್ನೇನು ಬೀಳಬೇಕು, ಆಗ ಅವಳಿಗೆ ಗೊತ್ತಾಯಿತು. ಕೈ ಅಲ್ಲೇ ನಿಂತಿತು. ಕೇರಿಯ ಹೆಂಗಸರು ಅಲ್ಲಲ್ಲಿ ಬಾಗಿಲಿಗೆ ಬಂದು ನೋಡುತ್ತಿದ್ದರು.

"ಕಚ್ಚಿ ಕುಡೀರವ್ವಾ," ಎಂದಳು ಚಿಕ್ಕಮಾರಮ್ಮ, ಮೆಲ್ಲಗೆ. "ತುಟಿ ಸವೆಯಾಕಿಲ್ಲ."

ಅವಳು ಕಚ್ಚಿ ಕುಡಿದಳು. ಹಲ್ಲು ಹಿತ್ತಾಳೆಗೆ ತಗುಲಿ ಸದ್ದಾಯಿತು. ಗುಟುಕು ಇಳಿಯುವಾಗ ಕಣ್ಣು ಮುಚ್ಚಿಕೊಂಡಳು, ಅಳು ತಡೆಯಲೋ ಹೇಸಿಗೆ ತಡೆಯಲೋ ಅವಳಿಗೇ ತಿಳಿಯಲಿಲ್ಲ. ಹೇಸಿಗೆಯೂ ಇರಬಹುದೆಂದು ಹೊಳೆದಾಗ ತಲೆ ಎತ್ತಲಾಗಲಿಲ್ಲ.

"ತಪ್ಪಾಯ್ತು," ಎಂದಳು.

"ಆಯ್ತು." ಚಿಕ್ಕಮಾರಮ್ಮ ಮತ್ತೆ ಅವರೆಕಾಯಿ ಮುಂದೆ ಕೂತಳು. "ಭಾನುವಾರ ಬತ್ತೀವಿ. ನೀವು ಬಂದು ಕರದ್ರಿ ಅಂತಲ್ಲ, ಈ ನೀರು ಕುಡುದ್ರಿ ಅಂತಲೂ ಅಲ್ಲ. ಚರ್ಚಿನ ಆ ಬಟ್ಲು ನಿಮ್ಮದಲ್ಲ, ಅದ್ಕೆ."