ಎಣಿಸಿದವರು ಯಾರು

ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ನೆಂಟರಿಷ್ಟರೆಲ್ಲ ತಿಥಿ ಮುಗಿಸಿ ಹಿಂದಿನ ದಿನವೇ ಹೊರಟುಹೋಗಿದ್ದರಿಂದ ಮನೆಯಲ್ಲಿ ಉಳಿದವರು ಇಬ್ಬರೇ. ಸೊಸೆ ಎರಡನ್ನೂ ಒಂದೇ ಪಾತ್ರೆಗೆ ಸುರಿದು, ಉಕ್ಕದಂತೆ ಕಾಯುತ್ತ ನಿಂತಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಅವಳನ್ನು ಕಾಯುವವರಂತೆ ಕೂತಿದ್ದರು.

ಫೋನು ಬಂದದ್ದು ಗಂಡನ ಕಚೇರಿಯಿಂದ. ನ್ಯಾಯಾಲಯದ ನಕಲು ವಿಭಾಗದಲ್ಲಿ ಅವನ ಪಕ್ಕದ ಮೇಜಿನವಳು, ಮುದ್ರೆ ಒತ್ತಿ ಒತ್ತಿ ಎಲ್ಲರ ಬಾಯಲ್ಲೂ ಸೀಲಮ್ಮ ಆದವಳು, ತಡವರಿಸುತ್ತ ಕೇಳಿದಳು: ಅವನು ಎರವಲು ಒಯ್ದ ಪುಸ್ತಕ ಇವತ್ತೇ ಸಿಗಬಹುದೇ, ಭಾನುವಾರ ಪರೀಕ್ಷೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಇಬ್ಬರೂ ಆ ಒಂದೇ ಪುಸ್ತಕದಲ್ಲಿ ಓದುತ್ತಿದ್ದರು. ಸರದಿ ಮುಗಿದವರು ತಮ್ಮ ಪೆನ್ಸಿಲ್ ಗುರುತು ಅಳಿಸಿ ಕೊಡಬೇಕೆಂಬುದು ಅವರ ಕರಾರು.

ಸೊಸೆ ರಬ್ಬರು ಹಿಡಿದು ಮೇಜಿಗೆ ಕೂತಳು. ಪ್ರತಿ ಪುಟದಲ್ಲೂ ಮೂರು ಸಾಲಿನ ಒಂದು ವಾದ, ಕೆಳಗೆ ಐದು ಉತ್ತರ. ವಾದ ಎಲ್ಲಿ ಎಡವಿದೆ ಹೇಳಬೇಕು. ಕೋಚಿಂಗ್ ಕ್ಲಾಸಿನಲ್ಲಿ ನಾಲ್ಕು ವರ್ಷದಿಂದ ಅವಳು ಕಲಿಸುತ್ತಿದ್ದುದು ಇದನ್ನೇ.

"ಅದನ್ನೂ ಅಳಿಸ್ತಿದ್ದೀಯ," ಅಂದರು ಅತ್ತೆ.

"ಪುಸ್ತಕ ಅವರದು, ಅತ್ತೆ."

"ಅಕ್ಷರ ನನ್ನ ಮಗಂದು."

ಅವಳು ಪುಟ ತಿರುವಿದಳು. ಅತ್ತೆ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ನೆಮ್ಮದಿಯಾಗಿ ಮನೆ ಬಿಟ್ಟವನು ಲಾರಿಗೆ ಸಿಗಲ್ಲ. ಇವನು ಸಿಕ್ಕ. ಅಂದ್ಮೇಲೆ ನೆಮ್ಮದಿಯಾಗಿ ಹೋಗಿರ್ಲಿಲ್ಲ. ಎಲ್ಲಿ ತಪ್ಪಿದೆ ತೋರ್ಸು ನೋಡೋಣ. ಊರ ಮಕ್ಕಳಿಗೆಲ್ಲ ತೋರಿಸ್ತೀಯಲ್ಲ."

ಅಭ್ಯಾಸಬಲದಿಂದ ಅವಳು ಹುಡುಕಿದಳು. ಹಿಂದುಮುಂದಾಗಿದೆಯೇ? ಇಲ್ಲ. ಒಬ್ಬನಿಗೆ ಆದದ್ದನ್ನು ಎಲ್ಲರಿಗೂ ಹಚ್ಚಿದೆಯೇ? ಅದೂ ಇಲ್ಲ. ಮೊದಲ ಮಾತನ್ನು ಒಪ್ಪಿದರೆ ಕೊನೆಯದನ್ನೂ ಒಪ್ಪಲೇಬೇಕು. ಒಪ್ಪಬೇಕೆಂದು ಕಲಿಸಿದವಳೂ ಅವಳೇ. ಪ್ರಶ್ನೆಯಲ್ಲಿ ಮೊಲಕ್ಕೆ ಮೂರೇ ಕಾಲು ಅಂತಿದ್ದರೆ ಮೂರೇ, ನಾಲ್ಕನೇದನ್ನು ಹುಡುಕಬೇಡಿ ಎನ್ನುತ್ತಿದ್ದಳು, ಹುಡುಗರು ನಗುತ್ತಿದ್ದರು.

ಗಂಡ ಮಾತ್ರ ಹುಡುಕುತ್ತಿದ್ದ. ಆ ಬೆಳಿಗ್ಗೆಯೂ ಅದೇ ಜಗಳ. ಹೀಗೇ ಕಾಲು ಎಣಿಸ್ತಾ ಕೂತರೆ ಈ ಜನ್ಮಕ್ಕೆ ಪಾಸಾಗಲ್ಲ ಎಂದು ಅವಳು ಅಂದದ್ದು ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತ್ತು. ಅವನು ಅರ್ಧ ಲೋಟ ಚಹಾ ಬಿಟ್ಟು ಬೈಕು ಹತ್ತಿದ್ದ.

"ತಪ್ಪಿಲ್ಲ ಅಲ್ವಾ," ಅಂದರು ಅತ್ತೆ.

ಅವಳು ಅಳಿಸುತ್ತ ಹೋದಳು. ಕೊನೆಗೆ ಆ ಜಗಳದ ಪುಟ ಬಂತು. ಮಳೆ ಬಂದ ದಿನವೆಲ್ಲ ಬಸ್ಸು ತಡ. ಇಂದು ಬಸ್ಸು ತಡವಾಗಿಲ್ಲ. ಆದ್ದರಿಂದ ಮಳೆ ಬಂದಿಲ್ಲ. ಐದನೆಯ ಉತ್ತರ, 'ತಪ್ಪಿಲ್ಲ'. ಸರಿಯಾದದ್ದು ಅದೇ. ಅವನು ಯಾವುದಕ್ಕೂ ಗುರುತು ಹಾಕಿರಲಿಲ್ಲ. ಮೊದಲ ಸಾಲಿನ ಪಕ್ಕದಲ್ಲಿ, ಅಂಚಿನಲ್ಲಿ, ಸೀಸ ಮುರಿಯುವಷ್ಟು ಒತ್ತಿ ಬರೆದಿದ್ದ: ಕಾಲು ಎಣಿಸಿದವರು ಯಾರು?

ರಬ್ಬರು ಅಲ್ಲೇ ನಿಂತಿತು. ಅವಳು ಪುಸ್ತಕ ಮುಚ್ಚಿ ಎದ್ದಳು.

"ಅತ್ತೆ, ನೆಮ್ಮದಿಯಾಗಿ ಹೋದವನು ಲಾರಿಗೆ ಸಿಗಲ್ಲ ಅಂದ್ರಲ್ಲ. ಅದನ್ನ ಹೇಳಿದ್ದು ಯಾರು?"

"ನಾನು."

"ಹೂಂ. ನೀವು."

ಅತ್ತೆ ಮೇಜಿನ ಮೇಲಿನ ರಬ್ಬರಿನ ಪುಡಿಯನ್ನು ಅಂಗೈಗೆ ಒತ್ತರಿಸಿಕೊಳ್ಳತೊಡಗಿದರು. ಅವಳು ಚಪ್ಪಲಿ ಮೆಟ್ಟಿದಳು.

ನಕಲು ವಿಭಾಗದಲ್ಲಿ ಅವನ ಕುರ್ಚಿಯ ಮೇಲೆ ಆಗಲೇ ಕಡತಗಳನ್ನು ಪೇರಿಸಿದ್ದರು. ಸೀಲಮ್ಮ ಎದ್ದು ನಿಂತೇ ಪುಸ್ತಕ ತೆಗೆದುಕೊಂಡಳು. ಪುಟ ತಿರುವುತ್ತ ಹೋದಳು. ಒಂದು ಕಡೆ ಕೈ ತಡೆಯಿತು.

"ಇಲ್ಲೊಂದು ಉಳಿದಿದೆ, ಅಕ್ಕಾ," ಎಂದು ಡ್ರಾಯರಿನಿಂದ ರಬ್ಬರು ತೆಗೆದಳು.

"ಅದು ಉತ್ತರ ಅಲ್ಲ. ಇರಲಿ."

ಸೀಲಮ್ಮ ಅಂಚಿನ ಸಾಲನ್ನು ಇನ್ನೊಮ್ಮೆ ಓದಿದಳು. ರಬ್ಬರನ್ನು ಮುದ್ರೆಯ ಪಕ್ಕಕ್ಕಿಟ್ಟು ಡ್ರಾಯರು ಮುಚ್ಚಿದಳು.