ಮಾಂಸದೊಳಗಿನ ನೆಣ

ಹಿರಿಯೂರಿನ ಹೊಳೆದಂಡೆಯ ಕೇರಿಯಲ್ಲಿ ಹನುಮಮ್ಮನ ಬಾಯಿಗೆ ಹೆದರದವರಿಲ್ಲ. ಆದರೂ ಎಪ್ಪತ್ನಾಲ್ಕನೇ ಇಸವಿಯ ಆ ಬೆಳಿಗ್ಗೆ ಬೈದಷ್ಟು ಅವಳು ಯಾವತ್ತೂ ಬೈದಿರಲಿಲ್ಲ. ಹಂದಿ ಡಾಕ್ಟರು ಶಿವಕುಮಾರಪ್ಪ ಕೇರಿಯ ಕೊನೆಯ ಕರಿ ಗಂಡುಹಂದಿಯ ಬೀಜ ಒಡೆಯಲು ಬಂದಿದ್ದರು. ಅದು ಹನುಮಮ್ಮನದು; ಕರಿಯ ಅಂತಲೇ ಕರೆಯುತ್ತಿದ್ದಳು. ಉಳಿದ ಹನ್ನೊಂದಕ್ಕೂ ಹೋದ ವಾರವೇ ಆಗಿತ್ತು. ಇನ್ನು ಹೆಣ್ಣುಹಂದಿಗಳೆಲ್ಲ ಸರ್ಕಾರ ಕೊಟ್ಟ ಬಿಳಿ ಸೀಮೆಹಂದಿಗೇ ಈಯಬೇಕು. ಗಂಡ ಪಾಲಯ್ಯ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಈಗ ಕರಿಯನ ಕಾಲಿಗೆ ಹಗ್ಗ ಬಿಗಿದು ನಿಂತಿದ್ದ.

"ನಿನ್ನೆ ನನ್ನ ಮರ್ಯಾದೆ ಹೋತು, ಗೊತ್ತೈತೇನ್ರಿ?" ಎಂದು ಡಾಕ್ಟರ ಮೇಲೆ ಹರಿಹಾಯ್ದಳು ಹನುಮಮ್ಮ.

ನಿನ್ನೆ ಹೊಳಲ್ಕೆರೆಯ ಬೀಗರು ಬಂದಿದ್ದರು. ದೊಡ್ಡಸ್ತಿಕೆಗೆಂದು ಬಿಳಿ ಹಂದಿಯನ್ನೇ ಕಡಿದಿದ್ದಳು. ಬೀಗ ಎರಡು ತುತ್ತು ಜಗಿದು ಎಲೆಯಂಚಿಗೆ ಉಗಿದ. "ನೆಣ ಎಲ್ಲಾ ಬಚ್ಚಿಟ್ಕಂಡು ನಮಗೆ ನಾರು ಬಡಿಸಿದ್ಯೇನಮ್ಮ? ಹಗ್ಗ ಆದ್ರೂ ಇದಕ್ಕಿಂತ ಮೆತ್ತಗಿರ್ತೈತೆ." ಅದೇ ಗೂಡಿನಲ್ಲಿ ಅದೇ ಮುಸುರೆ ಕುಡಿದು ಬೆಳೆದ, ಅದೇ ವಯಸ್ಸಿನ ಕರಿಯದೊಂದನ್ನು ಕಡಿದ ಮೇಲಷ್ಟೇ ಅವರು ಎದ್ದುಹೋಗದೆ ಕೂತದ್ದು.

"ಕೊಬ್ಬು ಕಡಿಮೆ ಇರೋದೇ ಒಳ್ಳೇ ಜಾತಿ ಕಣಮ್ಮ," ಎಂದರು ಡಾಕ್ಟರು. "ನಿಂದು ನೋಡು, ಬೆನ್ನ ಮೇಲೆ ಮೂರು ಬೆರಳು ದಪ್ಪ."

"ಬೆನ್ನಿಂದು ಬಿಡ್ರಿ! ಅದನ್ನ ಕರಗಿಸಿ ಡಬ್ಬಕ್ಕೆ ಹಾಕ್ತೀವಿ. ನಾಲಿಗೆಗೆ ಬೇಕಾದ್ದು ಮಾಂಸದ ಒಳಗಿಂದು."

ನಿನ್ನೆಯ ಎರಡೂ ಹಂದಿಗಳ ಉಳಿದಿದ್ದ ತೊಡೆಗಳಿಂದ ಒಂದೊಂದು ಹೋಳು ಕೊಯ್ದು ಕಲ್ಲಿನ ಮೇಲೆ ರಪ್ಪನೆ ಬಡಿದಳು. ಕರಿಯದರಲ್ಲಿ ಕೆಂಪಿನ ನಡುವೆ ಬಿಳಿ ಎಳೆಗಳು, ಹೊಲಿಗೆ ಹಾಕಿದಂತೆ. ಬಿಳಿಯದು ಒಂದೇ ಸಮ ನಸುಗೆಂಪು, ಹುಡುಕಿದರೂ ಎಳೆಯಿಲ್ಲ.

"ಒತ್ತಿ ನೋಡ್ರಿ. ಬೆರಳಿಗೆ ಜಿಡ್ಡು ಯಾವುದ್ರಾಗೆ ಅಂಟ್ತು?"

ಡಾಕ್ಟರು ಒತ್ತಿದರು. ಕರ್ಚೀಫಿಗೆ ಬೆರಳು ಒರೆಸಿಕೊಂಡರು. "ನಿಜ. ಅದು ತಳಿಯಿಂದ ಬರೋದು, ಮೇವಿಂದಲ್ಲ. ಆದ್ರೆ ಹನ್ನೆರಡಕ್ಕೂ ಆಯ್ತು ಅಂತ ಆಫೀಸಿಗೆ ಬರೆದು ಕಳಿಸಿ ಆಗಿದೆ."

"ಬರೆದ್ರಿ ಅಂತ ಬೀಜ ಒಡೀತೀರಾ? ನಾಳೆ ಬೇಕಂದ್ರೆ ಈ ನೆಣನ ಯಾವ ಕಾಗದದಾಗೆ ಹುಟ್ಟುಸ್ತೀರಿ?" ಗಂಡನ ಕಡೆ ತಿರುಗಿದಳು. "ನೀನು! ನಿನ್ನೆ ಬಿಳೀದು ಉಗಿದು, ಕರೀದಕ್ಕೆ ಮೂರು ಸಲ ಎಲೆ ಚಾಚಿದ್ಯಲ್ಲ, ಈಗ ಹೇಳು! ಬಾಯಾಗೇನು ಬೆಣಚುಕಲ್ಲು ಇಟ್ಕಂಡಿದ್ಯೇನಲೇ?"

"ನಾಕು ಸಲ," ಎಂದು ಗೊಣಗಿದ ಪಾಲಯ್ಯ. ಬಗ್ಗಿ ಗಂಟು ಸಡಿಲಿಸಿದ.

ಕರಿಯ ಡಾಕ್ಟರ ಚೀಲವನ್ನು ಉರುಳಿಸಿಕೊಂಡು ಜಾಲಿ ಪೊದೆಯೊಳಗೆ ನುಗ್ಗಿತು.

"ಏನಯ್ಯ ಮಾಡ್ದೆ? ಹೆಬ್ಬೆಟ್ಟು ಹಾಕಿದೀಯ!"

"ಹೆಬ್ಬೆಟ್ಟು ನಂದು ಸಾರ್," ಎಂದ ಪಾಲಯ್ಯ, ಹಗ್ಗ ಸುತ್ತಿಕೊಳ್ಳುತ್ತಾ. "ಹಂದಿ ಅವಳ್ದು."