ಯಾವ ಸ್ಟೇಷನ್ನಿನ ಹಾಡು

ಕೊಡಲಿ ಮಾವಿನ ಕೊರಡಿನಲ್ಲಿ ಕಚ್ಚಿಕೊಂಡುಬಿಟ್ಟಿತ್ತು. ಅಶ್ವಿತ್ ಕೊರಡಿಗೆ ಒದ್ದ, ಹಿಡಿಯನ್ನು ಆಚೀಚೆ ಅಲ್ಲಾಡಿಸಿದ, ಕೊನೆಗೆ ಬಾಯಿಗೆ ಬಂದಂತೆ ಬೈದ. ಹಸಿಮರ, ಬೈಗುಳಕ್ಕೆ ಜಗ್ಗಲಿಲ್ಲ.

"ಬಿಡು ಮಾರಾಯ, ಹುಕ್ರಪ್ಪ ಕಡೀತಾನೆ," ಎಂದರು ಅಂಗಳದ ತುದಿಯಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಧರ್ಣಪ್ಪ ಮಾವ. "ನೀನು ಬೆಂಕಿ ಕೊಡುವವ. ಕಟ್ಟಿಗೆ ಒಡೆಯುವುದು ನಿನ್ನ ಕೆಲಸ ಅಲ್ಲ."

"ನನ್ನ ಅಮ್ಮ. ನಾನೇ ಕಡೀತೇನೆ."

"ಹೌದು, ನಿನ್ನ ಅಮ್ಮ. ನನಗೆ ದಾರಿಯಲ್ಲಿ ಸಿಕ್ಕಿದವಳು, ಅಲ್ವಾ? ತಂಗಿ ಅವಳು ನನಗೆ. ಬಿಡು ಕೊಡಲಿ."

ಬಿಡಲಿಲ್ಲ. ಬಿಟ್ಟರೆ ಚಾವಡಿಗೆ ಹೋಗಬೇಕು, ಅಮ್ಮನ ತಲೆಯ ಹತ್ತಿರ ಕೂತುಕೊಳ್ಳಬೇಕು. ಬೆಳಗಿನ ಜಾವ ಎದೆ ಹಿಡಿದುಕೊಂಡು, ಆಟೋ ಬರುವ ಮೊದಲೇ ಹೋಗಿಬಿಟ್ಟಿದ್ದಳು ಸುಂದರಿ. ಐವತ್ತೊಂದು ವರ್ಷ. ಅದರಲ್ಲಿ ಮೂವತ್ತು ವರ್ಷ ಬೀಡಿ ಕಟ್ಟಿದ್ದು. ಕೈಬೆರಳಿನ ತುದಿಯ ಹೊಗೆಸೊಪ್ಪಿನ ಕಪ್ಪನ್ನು ಯಾವ ಸೋಪೂ ತೆಗೆದಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅಳದಂಗಡಿ ಕಡೆಯಿಂದ ಒಂದು ಆಟೋ ಬಂದು ಗದ್ದೆಯ ಬದಿಯಲ್ಲಿ ನಿಂತಿತು. ಒಂದು ಆಟೋದಲ್ಲಿ ಆರು ಹೆಂಗಸರು. ಕೈಯಲ್ಲಿ ಇನ್ನೂ ಬೀಡಿಯ ಚೀಲ. ಶನಿವಾರ ಅವರೆಲ್ಲ ಬೀಡಿ ಒಪ್ಪಿಸುವ ದಿನ. ಬೀಡಿ ಕಂಪೆನಿಯ ಬ್ರಾಂಚಿನ ಸಾಲಿನಲ್ಲಿ ಕೂತಿದ್ದಾಗಲೇ ಸುದ್ದಿ ಮುಟ್ಟಿ, ಸಾಲು ಬಿಟ್ಟು ಎದ್ದು ಬಂದವರು. ಮುಂದಿದ್ದವಳು ಸೆರಗನ್ನು ತಲೆತುಂಬ ಹೊದ್ದ, ದಪ್ಪ ಕನ್ನಡಕದ ಬ್ಯಾರಿ ಹೆಂಗಸು. ಚಾವಡಿಗೆ ಹೋಗಿ ಸುಂದರಿಯ ಮುಖ ನೋಡಿದಳು. ಬಗ್ಗಿ, ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ನೇರ ಕಟ್ಟಿಗೆಯ ಹತ್ತಿರ ಬಂದಳು.

"ನೀನಾ ಅಶ್ವಿತ್?"

"ಹೌದು."

"ನಾನು ಸೈನಬ. ಬ್ರಾಂಚಿನಲ್ಲಿ ನಿನ್ನ ಅಮ್ಮನ ಪಕ್ಕ ಕೂತುಕೊಳ್ಳುವವಳು. ಹನ್ನೊಂದು ವರ್ಷ ಆಯ್ತು." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಒಂದು ಮಾತು ಕೇಳ್ತೇನೆ ಮೋನೆ, ಕೋಪ ಮಾಡಬೇಡ. ಅವಳ ರೇಡಿಯೋ ಎಲ್ಲುಂಟು?"

ಅಶ್ವಿತನ ಕೈ ಕೊಡಲಿಯ ಹಿಡಿಯಲ್ಲೇ ಉಳಿಯಿತು.

"ಎಂತಕ್ಕೆ?"

"ಮುಳ್ಳು ಎಲ್ಲಿ ನಿಲ್ಲಿಸಿದ್ದಾಳೆ ಅಂತ ನೋಡ್ಲಿಕ್ಕೆ. ಅವಳು ಹೇಳುವ ಹಾಡು ನಮ್ಮ ಯಾರ ರೇಡಿಯೋದಲ್ಲೂ ಬರುವುದಿಲ್ಲ. ಯಾವ ಸ್ಟೇಷನ್ ಅಂತ ಕೇಳಿದರೆ ನಗಾಡ್ತಿದ್ಲು. ಇನ್ನು ಯಾರನ್ನು ಕೇಳುವುದು?"

ಬ್ರಾಂಚಿನಲ್ಲಿ ಒಂದು ಕ್ರಮ ಉಂಟು ಎಂದಳು ಸೈನಬ. ಬೀಡಿ ನೋಡುವವ ಒಬ್ಬೊಬ್ಬರ ಕಟ್ಟು ಬಿಚ್ಚಿ, ಮೂಸಿ, ಬಿಸಾಡಿ ಮುಗಿಸುವಾಗ ಮಧ್ಯಾಹ್ನ ಆಗುತ್ತದೆ. ಅಷ್ಟು ಹೊತ್ತು ಸಾಲಿನಲ್ಲಿ ಕೂತ ಪ್ರತಿಯೊಬ್ಬಳೂ ಆ ವಾರ ತಾನು ಕೇಳಿದ ಒಂದು ಹಾಡು ಹೇಳಬೇಕು. ಹೋದ ವಾರದ್ದು ನಡೆಯುವುದಿಲ್ಲ. ಹಾಡು ತಾರದವಳಿಗೆ "ಕಿವಿಗೆ ಬೀಡಿಯ ನೂಲು ಸುತ್ತಿಕೊಂಡಿದ್ದೀಯಾ?" ಎಂದು ಎಲ್ಲರೂ ಸೇರಿ ಮರ್ಯಾದೆ ತೆಗೆಯುತ್ತಾರೆ. ಹಾಡಿನ ಉದ್ದವನ್ನೂ ಹೇಳಬೇಕು, ಅದೂ ಬೀಡಿಯ ಲೆಕ್ಕದಲ್ಲಿ: ಹಾಡು ಮುಗಿಯುವಷ್ಟರಲ್ಲಿ ಎಷ್ಟು ಬೀಡಿ ಸುತ್ತಿ ಆಗುತ್ತದೆ ಎಂದು. ಎಂಟು ಬೀಡಿಯ ಹಾಡು, ಹತ್ತು ಬೀಡಿಯ ಹಾಡು.

"ನನ್ನ ಮಗ ಗಲ್ಫಿಂದ ಟೇಪ್ ತಂದುಕೊಟ್ಟಿದ್ದಾನೆ, ನನಗೆ ಹಾಡಿಗೆ ಬರ ಇಲ್ಲ. ಆದರೂ ಸುಂದರಿಯದ್ದರ ಮುಂದೆ ನನ್ನದು ಸಪ್ಪೆ. ಎರಡು ಸಲ ರೇಡಿಯೋದವರಿಗೆ ಕಾರ್ಡ್ ಹಾಕಿದೆ, ಈ ಹಾಡು ಹಾಕಿ ಅಂತ. ಬರಲೇ ಇಲ್ಲ."

"ರಿಪೇರಿಗೆ ಕೊಟ್ಟದ್ದು," ಎಂದ ಅಶ್ವಿತ್. "ಬೆಳ್ತಂಗಡಿಯಲ್ಲಿ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅವನಿಗೇ ಅಸಹ್ಯವಾಯಿತು.

*

ಎರಡು ವರ್ಷದ ಹಿಂದೆ, ಇಂಥದೇ ಚಳಿಯ ಜನವರಿಯಲ್ಲಿ, ಅವನು ಬೆಳ್ತಂಗಡಿ–ಮೂಡಬಿದಿರೆ ಬಸ್ಸಿನಲ್ಲಿ ಕ್ಲೀನರ್. ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಬಸ್ಸು ಹೊಸ ಶಾಲೆಯಂತೆ ಕಂಡಿತ್ತು. ಆದರೆ ಅಲ್ಲಿಯೂ ಮೇಷ್ಟರುಗಳಿದ್ದರು. ಆ ದಿನ ಯಾರದೋ ಅಕ್ಕಿಮೂಟೆಯನ್ನು ತಪ್ಪಿದ ಸ್ಟಾಪಿನಲ್ಲಿ ಇಳಿಸಿದ್ದಕ್ಕೆ ಕಂಡಕ್ಟರ್ ತುಂಬಿದ ಬಸ್ಸಿನಲ್ಲಿ ಕೆನ್ನೆಗೆ ಬಾರಿಸಿದ. ಕಾಲೇಜಿನ ಹುಡುಗಿಯರು ಕಿಟಕಿಯ ಕಡೆ ತಿರುಗಿ ನಕ್ಕರು. ಅಶ್ವಿತ್ ಅಲ್ಲೇ ಇಳಿದು ಏಳು ಮೈಲಿ ನಡೆದ. ನಡೆದಷ್ಟೂ ಸಿಟ್ಟು ಇಳಿಯುವುದರ ಬದಲು ಏರಿತು.

ಅಮ್ಮ ಜಗಲಿಯಲ್ಲಿದ್ದಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಪಕ್ಕದಲ್ಲಿ ರೇಡಿಯೋ. ಮಗನ ಮುಖ ನೋಡಿದಳೋ ಇಲ್ಲವೋ, ದಿನಾ ಹೇಳುವುದನ್ನೇ ಹೇಳಿದಳು:

"ಬಂದ್ಯಾ? ಇವತ್ತು ಒಂದು ಹಾಡು ಬಂತು ನೋಡು ಮಗಾ, ಎಷ್ಟು ಲಾಯ್ಕ ಉಂಟು ಅಂದ್ರೆ..."

ರೇಡಿಯೋ ಎತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದ. ಒಂದು ಸಲ ಅಲ್ಲ. ಹಾಡು ನಿಂತ ಮೇಲೂ ಬಡಿದ.

ಅಮ್ಮ ಬೈಯಲಿಲ್ಲ. ಅಳಲಿಲ್ಲ. ಚೂರುಗಳನ್ನು ಗುಡಿಸಿ ತೆಂಗಿನ ಬುಡಕ್ಕೆ ಹಾಕಿ ಬಂದು ಮತ್ತೆ ಎಲೆ ಕತ್ತರಿಸಲು ಕೂತಳು. ಬೇರೆ ರೇಡಿಯೋ ಬೇಕು ಎಂದು ಅವಳು ಕೇಳುತ್ತಾಳೆಂದು ಅಶ್ವಿತ್ ಕಾದ. ಕೇಳಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು. ತಂದುಕೊಡಬೇಕೆಂದು ನೂರು ಸಲ ಎಣಿಸಿದ. ತಂದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂದು ನೂರು ಸಲ ಬಿಟ್ಟ. ಆಮೇಲೆ ಅವಳು ಅವನಿಗೆ ಯಾವ ಹಾಡಿನ ಸುದ್ದಿಯನ್ನೂ ಹೇಳಲಿಲ್ಲ. ಬೀಡಿ ಸುತ್ತುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು. ಬೀಡಿ ಲೆಕ್ಕ ಮಾಡುತ್ತಿದ್ದಾಳೆ ಎಂದುಕೊಂಡಿದ್ದ.

*

"ರಿಪೇರಿಗಾ?" ಆಚೆಮನೆಯ ಲೋಲಾಕ್ಷಿ ಬಿಸಿನೀರಿನ ಹಂಡೆಯ ಹತ್ತಿರದಿಂದಲೇ ಕತ್ತು ಎತ್ತಿದಳು. "ಯಾವಾಗ ಕೊಟ್ಟದ್ದು? ನಿಮ್ಮ ರೇಡಿಯೋ ಈಗ ಕೇಳುವುದೇ ಇಲ್ಲ ಅಂತ ನಾನು ಎಷ್ಟು ಸಲ ಕೇಳಿದ್ದೇನೆ. 'ಸಣ್ಣಕ್ಕೆ ಇಟ್ಟಿದ್ದೇನೆ ಲೋಲಾಕ್ಷೀ, ಮಗ ಮಲಗಿರ್ತಾನೆ, ದಣಿದು ಬಂದಿರ್ತಾನೆ' ಅಂತಿದ್ಲು."

"ಸಣ್ಣಕ್ಕೆ ಇಟ್ಟರೆ ದೂರದ ಸ್ಟೇಷನ್ ಸಿಗ್ತದಾ?" ಎಂದಳು ಬ್ರಾಂಚಿನ ಹೆಂಗಸರಲ್ಲಿ ಒಬ್ಬಳು.

"ಅವಳ ರೇಡಿಯೋಗೆ ದುಬಾಯಿಯೂ ಸಿಕ್ಕೀತು," ಎಂದಳು ಇನ್ನೊಬ್ಬಳು. "ಬೆಕ್ಕು ಬಸ್ಸು ಹತ್ತಿ ಟಿಕೇಟು ಕೇಳಿದ ಹಾಡು ನೆನಪುಂಟಾ? ಏಳು ಬೀಡಿಯದ್ದು. ನಗಾಡಿ ನಗಾಡಿ ನನ್ನ ನೂಲು ತುಂಡಾಗಿತ್ತು."

"ಬಾವಿಯ ರಾಟೆ ಗಂಡನನ್ನು ಬೈಯುವುದು?"

"ಅದು ಹತ್ತು ಬೀಡಿಯದ್ದು."

"ಹೆಣದ ಎದುರು ಎಂತದು ನಿಮ್ಮದು ಹಾಡಿನ ಸುದ್ದಿ?" ಧರ್ಣಪ್ಪ ಮಾವ ಬಿದಿರಿನ ಗಂಟು ಬಿಗಿಯುತ್ತ ಗದರಿದರು. ಹೆಂಗಸರು ತಗ್ಗಿದರು, ನಿಲ್ಲಿಸಲಿಲ್ಲ.

ಅಶ್ವಿತ್ ಕೊಡಲಿ ಬಿಟ್ಟು ಅವರ ಹತ್ತಿರ ಬಂದಿದ್ದ. ತಾನು ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಮನೆಯಲ್ಲಿ ಎರಡು ವರ್ಷ ಒಂದು ಸ್ವರ ಇರಲಿಲ್ಲ. ಅಮ್ಮ ಎಲ್ಲಿ ಕೇಳಿದಳು? ಲೋಲಾಕ್ಷಿಯ ಮನೆಗೆ ಹೋಗುತ್ತಿರಲಿಲ್ಲ, ಹೋಟೆಲಿಗೆ ಹೋಗುವವಳಲ್ಲ, ಬಸ್ಸು ಹತ್ತುವುದು ವಾರಕ್ಕೊಮ್ಮೆ.

"ಕೊನೆಗೆ ಹೇಳಿದ್ದು ಯಾವುದು?" ಎಂದು ಕೇಳಿದ.

ಸೈನಬ ಅವನ ಮುಖವನ್ನೇ ನೋಡಿದಳು. "ಹೋದ ಶನಿವಾರದ್ದಾ? ಅದೇ ನಾನು ಹುಡುಕುತ್ತಾ ಇರುವುದು. ಒಂಬತ್ತು ಬೀಡಿಯದ್ದು." ಮೆಲ್ಲಗೆ, ಮಗ್ಗಿ ಹೇಳುವಂತೆ ಹೇಳಿದಳು:

*ಚಪ್ಪಲಿ ಕಳಚದೆ ಕೂತವನೇ,*
*ಗಂಜಿಗೆ ಕೆನೆಯು ಕಟ್ಟಿತಲ್ಲೋ.*
*ಬಯ್ಯುವುದಿದ್ದರೆ ಒಳಗೇ ಬಯ್ಯೋ,*
*ಹೊರಗಡೆ ಮಂಜು ಬೀಳುವುದು.*

ಸಿಟ್ಟು ಬಂದ ದಿನಗಳಲ್ಲಿ ಅಶ್ವಿತ್ ಕೂರುವುದೇ ಹಾಗೆ: ಮೆಟ್ಟಿಲ ಮೇಲೆ, ಚಪ್ಪಲಿ ಕಾಲಲ್ಲೇ, ಎಷ್ಟು ಹೊತ್ತಾದರೂ. ಒಳಗಿನಿಂದ ಅಮ್ಮ ಒಮ್ಮೆಯೂ ಕರೆಯುತ್ತಿರಲಿಲ್ಲ. ಕರೆಯುವುದಿಲ್ಲವಲ್ಲ ಎಂದು ಇನ್ನಷ್ಟು ಹೊತ್ತು ಕೂರುತ್ತಿದ್ದ.

ಸುಮ್ಮನಿರಬಹುದಿತ್ತು. ರಿಪೇರಿಯಿಂದ ತಂದ ಮೇಲೆ ಮುಳ್ಳು ನೋಡಿ ಹೇಳುತ್ತೇನೆ ಎಂದರೆ ಮುಗಿಯುತ್ತಿತ್ತು. ಅಮ್ಮ ಎರಡು ವರ್ಷ ಕಾಪಾಡಿದ ಅವನ ಮರ್ಯಾದೆ ಇನ್ನೂ ಹತ್ತು ವರ್ಷ ಬಾಳುತ್ತಿತ್ತು.

"ರೇಡಿಯೋ ಇಲ್ಲ ಸೈನಬಕ್ಕ," ಎಂದ. ಸ್ವರ ದೊಡ್ಡದಾಗಿಯೇ ಬಂತು. "ರಿಪೇರಿ ಎಲ್ಲ ಸುಳ್ಳು. ಎರಡು ವರ್ಷ ಆಯ್ತು. ನಾನೇ ಆ ಕಲ್ಲಿಗೆ ಬಡಿದು ಒಡೆದದ್ದು."

ಹಂಡೆಯ ಹತ್ತಿರ ಲೋಲಾಕ್ಷಿಯ ಕೈಯಿಂದ ಚೆಂಬು ಜಾರಿತು. ಧರ್ಣಪ್ಪ ಮಾವ ಬಿದಿರು ಬಿಟ್ಟು ಎದ್ದರು.

"ಎಂತ ಹೇಳಿದೆ ನೀನು?"

"ಒಡೆದೆ ಅಂದೆ. ಬೇಕಾದ್ರೆ ಹೊಡೀರಿ."

ಮಾವ ಕೈ ಎತ್ತಿದರು ಕೂಡ. ಆದರೆ ಸೈನಬ ಅವರಿಬ್ಬರನ್ನೂ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳು ಮಡಚುತ್ತಿದ್ದಳು.

"ಎರಡು ವರ್ಷ ಅಂದ್ರೆ ನೂರು ಶನಿವಾರ," ಎಂದಳು. "ನೂರು ಹಾಡು. ಹಾಗಾದ್ರೆ ಅವೆಲ್ಲ ಎಲ್ಲಿಂದ ಬಂತು?"

ಉತ್ತರ ಚಾವಡಿಯಲ್ಲಿ ಮಲಗಿತ್ತು. ಒಬ್ಬೊಬ್ಬಳಾಗಿ ಆ ಕಡೆ ತಿರುಗಿದರು.

"ಕಳ್ಳಿ," ಎಂದಳು ಸೈನಬ. "ಕಳ್ಳಿ ಇವಳು. ನಾನು ಕಾರ್ಡ್ ಹಾಕಿದ್ದೇ ಹಾಕಿದ್ದು, ಇವಳು ನನ್ನ ಪಕ್ಕದಲ್ಲಿ ಕೂತು ನಗಾಡಿದ್ದೇ ನಗಾಡಿದ್ದು." ನಗಲು ಹೋದವಳ ಮುಖ ನಡುವಿನಲ್ಲೇ ಮುರಿಯಿತು. ಸೆರಗು ಬಾಯಿಗೆ ಒತ್ತಿಕೊಂಡಳು.

"ನನಗೆ ಒಂದನ್ನೂ ಹೇಳಲಿಲ್ಲ," ಎಂದ ಅಶ್ವಿತ್.

"ನೀನು ಕೇಳಿದ್ದೀಯಾ?"

ಅವಳು ಚುಚ್ಚಲು ಹೇಳಿದ್ದಲ್ಲ. ಕೇಳಿದ್ದನೋ ಇಲ್ಲವೋ ತಿಳಿಯಲೆಂದೇ ಕೇಳಿದ್ದು. ಅದಕ್ಕೇ ಅವನಿಗೆ ತಡೆಯಲಾಗಲಿಲ್ಲ. ಕೊರಡಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಹಿಂದಿನಿಂದ ನೆರೆಯ ಹುಕ್ರಪ್ಪ ಬಂದು ಕೊಡಲಿಯನ್ನು ಕಿತ್ತು ಉಳಿದ ಕಟ್ಟಿಗೆ ಒಡೆದ.

*

ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಸುಂದರಿಯನ್ನು ಚಟ್ಟದ ಮೇಲೆ ಮಲಗಿಸುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಂಗಸರು ಅಂಗಳದಲ್ಲೇ ಉಳಿಯಬೇಕು. ಗದ್ದೆಯಾಚೆ ಕಟ್ಟಿಗೆ ಪೇರಿಸಿದ ಜಾಗಕ್ಕೆ ಗಂಡಸರು ಮಾತ್ರ. ಮುಂದಿನ ಬಲಕ್ಕೆ ಅಶ್ವಿತ್ ಹೆಗಲು ಕೊಟ್ಟ, ಎಡಕ್ಕೆ ಹುಕ್ರಪ್ಪ, ಹಿಂದೆ ನೆಂಟರಿಬ್ಬರು. ಬೆಂಕಿಯ ಮಡಕೆ ಧರ್ಣಪ್ಪ ಮಾವನ ಕೈಯಲ್ಲಿ.

ಎತ್ತಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಒಡೆದ ಸ್ವರ ಕೇಳಿತು. ಸೈನಬ. ಈಗ ಮಗ್ಗಿಯಂತಲ್ಲ, ರಾಗ ಹಿಡಿದು. ಎರಡನೆಯ ಸಾಲಿಗೆ ಇನ್ನೊಬ್ಬಳು ಸೇರಿದಳು. ಮೂರನೆಯದಕ್ಕೆ ಎಲ್ಲರೂ ಸೇರಿ, ಎಲ್ಲರೂ ತಪ್ಪಿದರು.

"ಅಲ್ಲ ಅಲ್ಲ, ಅಲ್ಲಿ ಸ್ವರ ಮೇಲೆ ಹೋಗುವುದು."

"ಎಲ್ಲಿ ಮೇಲೆ? ಇಳಿಯುವುದು ಮಾರಾಯ್ತಿ. ಅವಳು ಕೈ ಹೀಗೆ ಮಾಡಿ ತೋರಿಸಿದ್ಲಲ್ಲ?"

"ಮೊದಲಿಂದ ಹೇಳುವ. ಮೊದಲಿಂದ."

"ನಡೀರಿ," ಎಂದರು ಧರ್ಣಪ್ಪ ಮಾವ. "ಎತ್ತಿದ ಮೇಲೆ ನಿಲ್ಲಬಾರದು."

ಅಶ್ವಿತ್ ಕಾಲು ಎತ್ತಲಿಲ್ಲ. ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದು ತಡೆದು ನಿಂತರು. ಬಿದಿರು ಕಿರುಗುಟ್ಟಿತು. ಹುಕ್ರಪ್ಪ ಭಾರವನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ಅವನ ಮುಖ ನೋಡಿ, ತಾನೂ ಕಾಲು ಊರಿದ.

"ಅಶ್ವಿತ್, ಹೋಗುವ. ಹೊತ್ತಾಯ್ತು."

ಅಂಗಳದಲ್ಲಿ ಹೆಂಗಸರು ಮೊದಲಿನಿಂದ ಶುರುಮಾಡಿದ್ದರು. ಮಾವ ಮತ್ತೆ ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಬೆಂಕಿಯ ಮಡಕೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ತಲೆಗೆ ಸುತ್ತಿದ್ದ ಬೈರಾಸಿನ, ಕಿವಿಗೆ ಅಡ್ಡ ಬಂದಿದ್ದ ತುದಿಯನ್ನು ಬೆರಳಿನಿಂದ ಮೇಲೆ ಸರಿಸಿಕೊಂಡರು.